ಪ್ರವೇಶ ಪುಸ್ತಕದ ಆ ಒಂದು ಕಲಂ

ಕೇರಳ ವಿಧಾನಸಭೆ 2025ರ ಅಕ್ಟೋಬರಿನಲ್ಲಿ ಮಲಯಾಳಂ ಭಾಷಾ ವಿಧೇಯಕಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಕಾಸರಗೋಡಿನ ಹೆಸರು ಮತ್ತೆ ಎರಡು ರಾಜ್ಯಗಳ ಪತ್ರಗಳಲ್ಲಿ ಓಡಾಡಿತು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿ ಸಿದ್ದರಾಮಯ್ಯ ಬರೆದರು, ಕೇರಳದ ಮುಖ್ಯಮಂತ್ರಿಯಾಗಿ ಪಿಣರಾಯಿ ವಿಜಯನ್ ಉತ್ತರಿಸಿದರು. ಕನ್ನಡ ಶಾಲೆಗಳ ಮಕ್ಕಳ ಮೇಲೂ ಮಲಯಾಳಂ ಪ್ರಥಮ ಭಾಷೆಯಾಗಿ ಬಂದು ಕೂರುತ್ತದೆ ಎಂದು ಒಬ್ಬರ ಆತಂಕ. ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ವಿಧೇಯಕದಲ್ಲೇ ರಕ್ಷಣೆ ಇದೆ ಎಂದು ಇನ್ನೊಬ್ಬರ ಭರವಸೆ. 2015ರ ವಿಧೇಯಕದ ಹೊತ್ತಿಗೂ, 2017ರ ಮಲಯಾಳಂ ಕಡ್ಡಾಯ ಕಲಿಕೆಯ ಕಾನೂನಿನ ಹೊತ್ತಿಗೂ ಇದೇ ಮಾತುಕತೆ ನಡೆದಿತ್ತು. ಈ ವಾದದಲ್ಲಿ ಕನ್ನಡ ಗೆದ್ದರೂ ಅದರಿಂದಲೇ ಕನ್ನಡ ಶಾಲೆಯ ಒಂದನೇ ತರಗತಿಗೆ ಒಂದು ಮಗುವೂ ಹೆಚ್ಚು ಬರುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವ ಸಂಖ್ಯೆಯೇ ಬೇರೆ. ಅದು ಹತ್ತು.

1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಸಚಿವರು ಸೇರಿ ಒಂದು ಸೂತ್ರ ಮಾಡಿದರು. ಮಗುವಿನ ಮಾತೃಭಾಷೆ ರಾಜ್ಯದ ಭಾಷೆಗಿಂತ ಬೇರೆಯಾಗಿದ್ದರೆ, ಅಂಥ ಮಕ್ಕಳು ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಇದ್ದರೂ ಸಾಕು, ಆ ಭಾಷೆಯಲ್ಲಿ ಕಲಿಸುವ ಒಬ್ಬ ಅಧ್ಯಾಪಕರನ್ನಾದರೂ ಕೊಡಬೇಕು. 1956ರಲ್ಲಿ ಕೇಂದ್ರದ ಗೃಹ ಸಚಿವಾಲಯ ಭಾಷಾ ಅಲ್ಪಸಂಖ್ಯಾತರಿಗಾಗಿ ಹೊರಡಿಸಿದ ರಕ್ಷಣೆಗಳ ಪಟ್ಟಿಯಲ್ಲೂ ಇದೇ ಸೂತ್ರ ಉಳಿಯಿತು. ಆ ವರ್ಷದ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಸಂವಿಧಾನದ ಏಳನೇ ತಿದ್ದುಪಡಿಯೂ ಜಾರಿಗೆ ಬಂದು, ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆನ್ನುವ 350ಎ ವಿಧಿ ಸೇರಿಕೊಂಡಿತು. ಊರು ಕೈತಪ್ಪಿದ ದಿನವೆಂದು ನವೆಂಬರ್ 1ನ್ನು ಇಲ್ಲಿ ಪ್ರತಿವರ್ಷ ನೆನೆಯುತ್ತಾರೆ. ಅದೇ ದಿನ ಕೈಗೆ ಬಂದದ್ದನ್ನು ಯಾರೂ ನೆನೆಯುವುದಿಲ್ಲ.

1949ರ ಆ ನಿರ್ಣಯದಲ್ಲಿ ಇನ್ನೊಂದು ಮಾತಿದೆ, ನಿಜವಾದ ತಿರುಳು ಅದೇ. ತಂದೆ, ತಾಯಿ ಅಥವಾ ಪೋಷಕರು ಯಾವುದನ್ನು ಮಗುವಿನ ಮಾತೃಭಾಷೆ ಎಂದು ಘೋಷಿಸುತ್ತಾರೋ ಅದೇ ಮಾತೃಭಾಷೆ. ಇನ್ಸ್‌ಪೆಕ್ಟರು ಮನೆಗೆ ಬಂದು ಕಿವಿಗೊಟ್ಟು ತೀರ್ಮಾನಿಸುವ ವಿಷಯ ಅದಲ್ಲ.

ಈಗ ಪೈವಳಿಕೆಯ ಕಡೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹುಡುಗನಿಗೆ ಐದು ತುಂಬುತ್ತಾ ಬಂದಿದೆ. ಅಮ್ಮನ ಹತ್ತಿರ ತುಳು, ಪಕ್ಕದ ಮನೆಯ ಜೊತೆಗಾರನ ಹತ್ತಿರ ಬ್ಯಾರಿ, ಬಸ್ಸಿನಲ್ಲಿ ಕಂಡಕ್ಟರನ ಮಲಯಾಳ, ರಾತ್ರಿ ಅಜ್ಜನ ತೊಡೆಯ ಮೇಲೆ ಕುಳಿತರೆ ಯಕ್ಷಗಾನದ ಕನ್ನಡ. ನಾಲ್ಕೂ ಅವನಿಗೆ ಬರುತ್ತವೆ, ಯಾವುದಕ್ಕೂ ಅಳುಕಿಲ್ಲ. ಅಳುಕು ಅಮ್ಮನಿಗೆ. ‘ಟೀಚರೇ, ಇವನಿಗೆ ಮನೆಯಲ್ಲಿ ತುಳು ಮಾತ್ರ. ಕನ್ನಡಕ್ಕೆ ಹಾಕಿದ್ರೆ ಕಷ್ಟ ಆಗ್ಲಿಕ್ಕಿಲ್ವಾ? ಮತ್ತೆ ಮಲಯಾಳ ಬಾರದೆ ಪಿ.ಎಸ್.ಸಿ. ಹೇಗೆ ಬರೆಯುದು?’ ಎಂದು ಅಂಗನವಾಡಿಯ ಬಾಗಿಲಲ್ಲಿ ನಿಂತು ಕೇಳುತ್ತಾಳೆ. ಅಲ್ಲಿ ಸಮಾಧಾನವಾಗದಿದ್ದರೆ ಮುಂಬಯಿಯಲ್ಲಿರುವ ಭಾವನಿಗೆ ಫೋನು. ಅವನ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಸುಮ್ಮನೆ ಇಂಗ್ಲಿಷಿಗೆ ಹಾಕಿ.’

ಆ ತಾಯಿಯ ಪ್ರಶ್ನೆ ಸಣ್ಣದೆಂದು ಭಾವಿಸಿದ ಕಡೆಯೇ ಕನ್ನಡ ಸಂಘಟನೆಗಳು ಸೋತಿವೆ. ಅವಳಿಗೆ ಸಿಕ್ಕಿದ್ದು ಘೋಷಣೆ; ಬೇಕಾಗಿದ್ದದ್ದು ಉತ್ತರ. ‘ಮಾತೃಭಾಷೆಯಲ್ಲೇ ಶಿಕ್ಷಣ’ ಎಂಬ ಬ್ಯಾನರನ್ನು ಓದಿದ ತುಳು ಮನೆಯ ಹೆಂಗಸು, ಇದು ನಮಗೆ ಹೇಳಿದ್ದಲ್ಲ ಎಂದುಕೊಂಡು ಮುಂದೆ ಹೋಗುತ್ತಾಳೆ. ಅವಳು ಹಾಗೆಂದುಕೊಳ್ಳುವುದರಲ್ಲಿ ತಪ್ಪೂ ಇಲ್ಲ. 2011ರ ಜನಗಣತಿಯ ಪ್ರಕಾರ ಈ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು ಶೇ. 4, ತುಳುವಿನವರು ಶೇ. 9ರ ಹತ್ತಿರ. ಅಂದರೆ ಎರಡು ಪಟ್ಟಿಗೂ ಹೆಚ್ಚು. ಇದಕ್ಕೆ ಕೊಂಕಣಿ, ಮರಾಠಿ, ಕರಾಡ, ಬ್ಯಾರಿ ಮನೆಗಳನ್ನು ಸೇರಿಸಿದರೆ, ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತ ಬಹಳಷ್ಟು ಮಕ್ಕಳಿಗೆ ಕನ್ನಡ ಅಡುಗೆಮನೆಯ ಮಾತಾಗಿರಲಿಲ್ಲ ಎಂಬುದು ಗೊತ್ತಾಗುತ್ತದೆ. ಅದು ಶಾಲೆಯ, ದೇವಸ್ಥಾನದ, ತಾಳಮದ್ದಳೆಯ, ಪತ್ರಿಕೆಯ ಭಾಷೆ.

ಇದನ್ನು ದೌರ್ಬಲ್ಯವೆಂದು ಮುಚ್ಚಿಡಬೇಕಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಅವರು ತುಳುವಿನಲ್ಲೂ ಕಾವ್ಯ ಬರೆದರು. ಮನೆಯಲ್ಲಿ ಬೇರೆ ಭಾಷೆ ಇದ್ದರೆ ಕನ್ನಡ ಕಷ್ಟವಾಗುತ್ತದೆಯೇ ಎಂದು ಕೇಳುವ ತಾಯಿಗೆ ಇವರಿಬ್ಬರ ಹೆಸರು ಹೇಳಿದರೆ ಸಾಕು. ಕಾಸರಗೋಡಿನ ಕನ್ನಡವನ್ನು ಕಟ್ಟಿದವರಲ್ಲಿ ಆ ಮನೆಗಳಿಂದ ಬಂದವರೇ ಮುಂದಿದ್ದರು.

ಹಾಗಾದರೆ ತುಳು ಮನೆಯವರು ಶಾಲೆಯ ಪ್ರವೇಶ ಪುಸ್ತಕದಲ್ಲಿ ಮಾತೃಭಾಷೆಯ ಜಾಗಕ್ಕೆ ಕನ್ನಡ ಎಂದು ಬರೆಯಿಸಬಹುದೇ? ಬರೆಯಿಸಬಹುದು. ಅದಕ್ಕೆ ಬಲವಾದ ಆಧಾರ ಕೊಟ್ಟದ್ದು ಕರ್ನಾಟಕ ಸೋತ ಒಂದು ಮೊಕದ್ದಮೆ. 1ರಿಂದ 4ನೇ ತರಗತಿಯ ವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದ 1994ರ ಸರ್ಕಾರಿ ಆದೇಶದ ಮೇಲೆ ನಡೆದ ದೀರ್ಘ ವ್ಯಾಜ್ಯದಲ್ಲಿ, 2014ರ ಮೇ 6ರಂದು ನ್ಯಾಯಮೂರ್ತಿ ಆರ್.ಎಂ. ಲೋಧಾ ನೇತೃತ್ವದ ಐವರ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಬೆಂಗಳೂರಿನಲ್ಲಿ ಅಂದು ಎಲ್ಲರೂ ತಲೆಯ ಮೇಲೆ ಕೈಹೊತ್ತರು. ಇಂಗ್ಲಿಷ್ ಶಾಲೆಗಳು ಗೆದ್ದುವೆಂದೇ ಆ ತೀರ್ಪು ಇಂದಿಗೂ ನೆನಪಿನಲ್ಲಿದೆ. ಆದರೆ ಅದೇ ತೀರ್ಪು, 350ಎ ವಿಧಿಯಲ್ಲಿರುವ ಮಾತೃಭಾಷೆ ಎಂದರೆ ಆ ರಾಜ್ಯದ ಭಾಷಾ ಅಲ್ಪಸಂಖ್ಯಾತರ ಭಾಷೆ ಎಂದೂ, ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ತಂದೆತಾಯಿ ಅಥವಾ ಪೋಷಕರೇ ಎಂದೂ ಹೇಳಿದೆ. ಗಡಿಯ ತಲಪಾಡಿಯಿಂದ ಆಚೆ ಕನ್ನಡ ಮಾಧ್ಯಮಕ್ಕೆ ಪೆಟ್ಟು ಕೊಟ್ಟ ಸಾಲುಗಳು ಈಚೆ ಕನ್ನಡದ ಪೋಷಕರ ಕೈಯಲ್ಲಿ ಗುರಾಣಿಯಾಗುತ್ತವೆ. ಕಾಸರಗೋಡಿನ ಹಕ್ಕಿನ ಬಗ್ಗೆ ಪುಟಗಟ್ಟಲೆ ಬರೆಯುವವರು ಗಡಿ ವಿವಾದದ ಮಹಾಜನ್ ವರದಿಯನ್ನು ಬಾಯಿಪಾಠ ಒಪ್ಪಿಸುತ್ತಾರೆ, 2014ರ ತೀರ್ಪಿನ ತಂಟೆಗೆ ಹೋಗುವುದಿಲ್ಲ. ಸೋತ ಕೇಸೆಂದು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು ದೊಡ್ಡ ನಷ್ಟ.

ಇದು ತುಳುವಿಗೆ ಮಾಡುವ ದ್ರೋಹವಲ್ಲವೇ ಎಂಬ ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಲು ದನಿಯೆತ್ತಿರುವ ಭಾಷೆಗೆ ತಲೆಎಣಿಕೆ ಮುಖ್ಯ. ಆದರೆ ಎರಡು ಪುಸ್ತಕಗಳನ್ನು ಬೆರೆಸಬಾರದು. ಜನಗಣತಿಯವರು ಕೇಳುವುದು ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಮಾತು ಯಾವುದೆಂದು. 2027ರ ಗಣತಿಯಲ್ಲಿ ಅದಕ್ಕೆ ತುಳು ಎಂದೇ ಹೇಳಬೇಕು, ಎದೆತಟ್ಟಿ ಹೇಳಬೇಕು. ಶಾಲೆಯ ಪುಸ್ತಕ ಕೇಳುವುದು ಮಗು ಯಾವ ಭಾಷೆಯಲ್ಲಿ ಅಕ್ಷರ ಕಲಿಯಬೇಕೆಂದು. ತುಳು ಮಾಧ್ಯಮದ ತರಗತಿ ಇಲ್ಲದ ಕಡೆ ಅಲ್ಲಿ ತುಳು ಎಂದು ಬರೆಯಿಸಿದರೆ ತುಳುವಿಗೆ ಅಧ್ಯಾಪಕರು ಸಿಗುವುದಿಲ್ಲ, ಕನ್ನಡದ ಹತ್ತರಲ್ಲಿ ಒಂದು ಕಡಿಮೆಯಾಗುತ್ತದೆ.

ಕರ್ನಾಟಕ ಸರ್ಕಾರದ ನಿಯಮವೇ ಈ ಎರಡು ಭಾಷೆಗಳನ್ನು ಒಟ್ಟಿಗೆ ಕೂರಿಸಿದೆ. ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಾಗಿ ಅರ್ಜಿ ಹಾಕುವ ಕಾಸರಗೋಡು, ಹೊಸದುರ್ಗದ ವಿದ್ಯಾರ್ಥಿಗಳ ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಮೇಲೆ ಕನ್ನಡದ ಪರೀಕ್ಷೆಯನ್ನೂ ಬರೆಯಬೇಕು. ತುಳು ಮನೆಯ ಮಗುವಿಗೆ ಇಲ್ಲಿ ದಾರಿಯಿದೆ. ಕೊಂಕಣಿ, ಕರಾಡ ಮನೆಯವರಿಗೆ ಮಾತ್ರ ಈ ಪಟ್ಟಿಯಲ್ಲಿ ತಮ್ಮ ಮನೆಮಾತು ಇಲ್ಲವೆಂಬುದು ಮೊದಲೇ ಗೊತ್ತಿರಬೇಕು. ಐದನೇ ವಯಸ್ಸಿನಲ್ಲಿ ಅಪ್ಪ ಅವಸರದಲ್ಲಿ ತುಂಬಿಸಿದ ಒಂದು ಕಲಂ ಹದಿನೆಂಟಕ್ಕೆ ಸೀಟಿನ ಪ್ರಶ್ನೆಯಾಗಿ ಎದುರು ನಿಲ್ಲಬಹುದು. ಇಂಥ ಮಾತನ್ನು ದಾಖಲಾತಿಯ ದಿನ ಪೋಷಕರಿಗೆ ಹೇಳುವವರು ಎಷ್ಟು ಜನ?

ಬರೆಯಿಸಿದ್ದನ್ನು ಎಣಿಸುವ ಈ ಕ್ರಮ ಹೊರದೇಶದಲ್ಲೂ ಇದೆ. ಫಿನ್ಲೆಂಡಿನಲ್ಲಿ ಸ್ವೀಡಿಷ್ ಆಡುವವರು ಶೇ. 5ರಷ್ಟು, ಕಾಸರಗೋಡಿನ ಕನ್ನಡದ ಆಸುಪಾಸು. ಮಗು ಹುಟ್ಟಿದಾಗ ತಂದೆತಾಯಿ ಜನಸಂಖ್ಯಾ ದಾಖಲೆಯಲ್ಲಿ ಅದರ ಮಾತೃಭಾಷೆ ಬರೆಯಿಸುತ್ತಾರೆ. ಒಂದು ಪುರಸಭೆಯಲ್ಲಿ ಅಲ್ಪಸಂಖ್ಯಾತ ಭಾಷೆಯವರು ಶೇ. 8 ಅಥವಾ 3,000 ಮಂದಿ ಇದ್ದರೆ ಆ ಊರು ದ್ವಿಭಾಷಾ ಊರು. ಅಲ್ಲಿ ಕಚೇರಿ ಎರಡೂ ಭಾಷೆಗಳಲ್ಲಿ ಉತ್ತರ ಕೊಡಬೇಕು. ಅಲ್ಲಿಯೂ ಹಕ್ಕು ಎಣಿಕೆಯಿಂದ ಹುಟ್ಟುತ್ತದೆ, ಎಣಿಕೆ ಮನೆಯವರು ಬರೆಯಿಸಿದ್ದರಿಂದ ಹುಟ್ಟುತ್ತದೆ.

ಹತ್ತು ಮಕ್ಕಳು ಸೇರಿದ ಕೂಡಲೇ ಎಲ್ಲವೂ ಸರಿಹೋಗುತ್ತದೆಂದು ಹೇಳುವಂತಿಲ್ಲ. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದ ಪ್ರಸಂಗಗಳು ಈ ಜಿಲ್ಲೆಯಲ್ಲಿ ನಡೆದಿವೆ, ಮಕ್ಕಳೇ ಪ್ರತಿಭಟನೆಗೆ ಕುಳಿತಿದ್ದಾರೆ. 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಕರ್ನಾಟಕ ನಕ್ಕಿತು, ಕಣ್ಣೊರೆಸಿಕೊಂಡಿತು. ಇಲ್ಲಿಯ ತರಗತಿಯಲ್ಲಿ ಲೆಕ್ಕದ ಪಾಠ ಅರ್ಥವಾಗದೆ ಕಿಟಕಿಯಾಚೆ ನೋಡುತ್ತಾ ಕುಳಿತ ಮಗುವಿಗೆ ಅದು ಸಿನಿಮಾ ಆಗಿರಲಿಲ್ಲ. ಇಂಥ ನೇಮಕಾತಿಯ ವಿರುದ್ಧ ಹೋರಾಟ ಬೇಕು, ಕೋರ್ಟಿನ ಮೆಟ್ಟಿಲು ಹತ್ತುವುದೂ ಬೇಕು. ಆದರೆ ತರಗತಿಯಲ್ಲಿ ನಾಲ್ಕೇ ಮಕ್ಕಳಿದ್ದಾಗ ಆ ಮೆಟ್ಟಿಲಲ್ಲಿ ನಿಂತು ಏನನ್ನು ಕೇಳುವುದು?

ತಾಯಿಯ ಎರಡನೇ ಪ್ರಶ್ನೆಗೂ ನೇರ ಉತ್ತರ ಕೊಡಬೇಕು. ಮಲಯಾಳ ಕಲಿಯಲಿ, ಚೆನ್ನಾಗಿ ಕಲಿಯಲಿ. ಬಸ್ಸು, ಆಸ್ಪತ್ರೆ, ಪಂಚಾಯತು, ಪಿ.ಎಸ್.ಸಿ. ಎಲ್ಲ ಕಡೆಯೂ ಅದು ಬೇಕು. ಬೇಡವೆನ್ನುವ ಕನ್ನಡ ಮುಖಂಡ ತನ್ನ ಮಕ್ಕಳಿಗೆ ಏನು ಕಲಿಸಿದ್ದಾನೆಂದು ನೋಡಿದರೆ ಸಾಕು. ಇರುವ ಪ್ರಶ್ನೆ ಮೊದಲ ಅಕ್ಷರ ಯಾವುದು, ಲೆಕ್ಕ ಮತ್ತು ವಿಜ್ಞಾನ ಯಾವ ಭಾಷೆಯಲ್ಲಿ ತಲೆಗೆ ಹೋಗಬೇಕು ಎಂಬುದಷ್ಟೇ. ಕೇರಳ ಸರ್ಕಾರವೇ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ, ಎಸ್ಎಸ್ಎಲ್‌ಸಿಯ ಪ್ರಥಮ ಭಾಷೆಯ ಎರಡು ಪತ್ರಿಕೆಗಳಲ್ಲೂ ಕನ್ನಡಕ್ಕೆ ಸ್ಥಾನವಿದೆ. ಹತ್ತನೆಯ ನಂತರ ದಾರಿ ಮುಚ್ಚುತ್ತದೆಂಬ ಮಾತೂ ಸರಿಯಲ್ಲ. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ತನಕ ಓದಬಹುದು.

ಕೇರಳದಲ್ಲಿ ಜೂನ್ ಮೊದಲ ವಾರ ಶಾಲೆ ತೆರೆಯುತ್ತದೆ. ಅದಕ್ಕೆ ಎರಡು ತಿಂಗಳು ಮೊದಲೇ ಎಣ್ಮಕಜೆ, ಪೈವಳಿಕೆ, ವರ್ಕಾಡಿ, ಬದಿಯಡ್ಕ, ಕಾರಡ್ಕದ ಪ್ರತಿ ಅಂಗನವಾಡಿಯ ತಾಯಂದಿರ ಸಭೆಗೆ ಒಬ್ಬ ಕನ್ನಡ ಅಧ್ಯಾಪಕರು ಹೋಗಿ ಕುಳಿತುಕೊಳ್ಳಬೇಕು. ಭಾಷಣ ಬೇಡ. ದಾಖಲಾತಿಯ ಅರ್ಜಿಯ ಒಂದು ಪ್ರತಿಯನ್ನು ಮುಂದೆ ಹರಡಿ, ಮಾತೃಭಾಷೆ ಎಂದಿರುವ ಕಡೆ ಬೆರಳಿಟ್ಟು, ಅಲ್ಲಿ ಬರೆಯುವ ಶಬ್ದದಿಂದ ಏನೇನು ಆಗುತ್ತದೆಂದು ತುಳುವಿನಲ್ಲೇ ವಿವರಿಸಿ ಬರಬೇಕು.