ಮಗನ ಭರವಸೆಗೆ ಅಪ್ಪನ ರುಜು



ಕಾಲೇಜಿನಿಂದ ಹಬ್ಬಕ್ಕೆ ಬಂದ ಮಗನನ್ನೋ ಮಗಳನ್ನೋ ಕೇಳಿ ನೋಡಿ, ಓದು ಮುಗಿದ ಮೇಲೇನು ಅಂತ. "ಕೆಲಸ ಸಿಗುತ್ತೆ ಬಿಡಪ್ಪಾ" ಅನ್ನುತ್ತಾರೆ, ಅನುಮಾನವೇ ಇಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಭರವಸೆ ಇಲ್ಲದೆ ಇನ್ಯಾವಾಗ ಇರಬೇಕು? ಆದರೆ ಆ ಭರವಸೆಗೆ ಬ್ಯಾಂಕಿನಲ್ಲಿ ರುಜು ಹಾಕುವವರು ನೀವು.

ಬೆಲೆ ಗೊತ್ತಿಲ್ಲದೆ ಬಿತ್ತುವುದು ನಮಗೆ ರೂಢಿ. ಈಗ ಡಿಗ್ರಿಯನ್ನೂ ಹಾಗೇ ಬಿತ್ತುತ್ತಿದ್ದೇವೆ. ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ 2022-23ರಲ್ಲಿ ದುಡಿಯಲು ಸಿದ್ಧರಿದ್ದ ಪದವೀಧರರಲ್ಲಿ ನೂರಕ್ಕೆ 13ಕ್ಕೂ ಹೆಚ್ಚು ಜನ ಕೆಲಸವಿಲ್ಲದೆ ಇದ್ದರು. ಅಕ್ಷರ ಬಾರದವರಲ್ಲಿ ಅದು ನೂರಕ್ಕೆ ಒಂದೂ ಇಲ್ಲ. (ಅವರಿಗೆ ಒಳ್ಳೆ ಕೆಲಸ ಸಿಕ್ಕಿತೆಂದಲ್ಲ, ಕೂತು ಉಣ್ಣುವ ಅನುಕೂಲವಿಲ್ಲ.) ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3000 ರೂಪಾಯಿಯಂತೆ ಎರಡು ವರ್ಷ ಕೊಡುವ ಯುವನಿಧಿಯನ್ನು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಆರಂಭಿಸಿತು. ಕೆಲಸ ಸಿಗುತ್ತಿಲ್ಲವೆಂದು ಸರ್ಕಾರವೇ ಒಪ್ಪಿದಂತಾಯಿತಲ್ಲ!

ಇನ್ನು ಸಾಲ. ಓದು ಮುಗಿದು ಒಂದು ವರ್ಷದ ತನಕ ಕಂತಿಲ್ಲ ಎಂದಾಗ ಬಡ್ಡಿಯೂ ಇಲ್ಲವೆಂದು ಬಹಳ ಜನ ತಿಳಿಯುತ್ತಾರೆ. ದುಡ್ಡು ಕೈಬಿಟ್ಟ ದಿನದಿಂದಲೇ ಬಡ್ಡಿ ಓಡುತ್ತದೆ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಎತ್ತಿದಿರಿ ಅನ್ನಿ. ನೂರಕ್ಕೆ 10ರ ಸರಳ ಬಡ್ಡಿ ಹಿಡಿದರೂ ಮೊದಲ ಕಂತು ಕಟ್ಟುವ ಹೊತ್ತಿಗೆ ಬಡ್ಡಿಯೇ 1,40,000 ರೂಪಾಯಿ. ಮಗನ ಜೊತೆ ನೀವೂ ಜಂಟಿ ಸಾಲಗಾರರು. ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತಾರೆ. 2018ರಲ್ಲಿ ರಾಜ್ಯದಲ್ಲಿ ಮನ್ನಾ ಆದದ್ದು ಬೆಳೆ ಸಾಲ, ಓದಿನ ಸಾಲವಲ್ಲ.

ಕುಟುಂಬದ ವರಮಾನ ವರ್ಷಕ್ಕೆ 4.5 ಲಕ್ಷದೊಳಗಿದ್ದು, ಮಾನ್ಯತೆಯುಳ್ಳ ಕಾಲೇಜಿನಲ್ಲಿ ತಾಂತ್ರಿಕ, ವೃತ್ತಿಪರ ಓದಾದರೆ ಈ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ 2009ರಲ್ಲೇ ಬಂದಿದೆ. ಮ್ಯಾನೇಜರ್ ತಾನಾಗಿ ಹೇಳಲಿಕ್ಕಿಲ್ಲ, ನೀವೇ ಕೇಳಿ. ಕಾಲೇಜಿನವರನ್ನೂ ಬಿಡಬೇಡಿ: ಹೋದ ವರ್ಷ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ, ಸಂಬಳ ಎಷ್ಟು? ಗೋಡೆಗೆ ಅಂಟಿಸಿದ ನಾಲ್ಕು ಫೋಟೋ ಉತ್ತರವಲ್ಲ.

ಮಕ್ಕಳನ್ನು ಕೂರಿಸಿಕೊಂಡು ಈ ಲೆಕ್ಕ ತೋರಿಸಿ, ಜೊತೆಗೆ ಪಹಣಿಯನ್ನೂ ತೋರಿಸಿ. ಅದರಲ್ಲಿ ಈಗಾಗಲೇ ಎಷ್ಟು ಸಾಲ ಕೂತಿದೆ ಎಂದು ಎಷ್ಟೋ ಮನೆಗಳಲ್ಲಿ ಓದುವ ಮಕ್ಕಳಿಗೆ ಇನ್ನೂ ಹೇಳಿಯೇ ಇಲ್ಲ.