ಕೆಂಪು ದೀಪ ಹೊತ್ತಿದಾಗ ನಿರ್ಧಾರ ಯಾರದು?

ಭತ್ತದ ಸುಗ್ಗಿ ಬಂತೆಂದರೆ ಲಿಂಗಸುಗೂರು–ಮಸ್ಕಿ–ಸಿಂಧನೂರು ಮಾರ್ಗದ ಸರಕು ವಾಹನಗಳಿಗೆ ಬಿಡುವಿರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಗಿರಣಿ ಸೇರಬೇಕು, ಅಕ್ಕಿಯಾಗಿ ದೂರದ ಮಾರುಕಟ್ಟೆಗೆ ಸಾಗಬೇಕು. ಈ ಅವಸರದಲ್ಲಿ ಮೀಟರ್ ಬೋರ್ಡಿನಲ್ಲಿ ಹೊತ್ತುವ ಪುಟ್ಟ ದೀಪವನ್ನು ಲೆಕ್ಕಿಸುವವರು ವಿರಳ. ವರ್ಷಾಂತ್ಯಕ್ಕೆ ವಾಹನ ದುರಸ್ತಿ ಖಾತೆ ಏಕೆ ಉಬ್ಬಿತೆಂದು ಮಾಲೀಕರು ಚಿಂತಿಸುವುದು ಮಾತ್ರ ತಪ್ಪಿದ್ದಲ್ಲ.

ಈ ದೀಪಗಳ ಭಾಷೆ ಕಠಿಣವಾದುದೇನಲ್ಲ. ಹಳದಿ ದೀಪ ಹೊತ್ತಿದರೆ ಬೇಗನೆ ತಪಾಸಣೆ ಮಾಡಿಸಬೇಕು; ಕೆಂಪು ದೀಪ ಹೊತ್ತಿದರೆ ಸುರಕ್ಷಿತ ಸ್ಥಳ ನೋಡಿ ನಿಲ್ಲಿಸಬೇಕು. ಎಣ್ಣೆಗಿಂಡಿಯ ಚಿತ್ರ ಕೆಂಪಾಯಿತೆಂದರೆ ಆಯಿಲಿನ ಒತ್ತಡ ಕುಸಿದಿದೆಯೆಂದರ್ಥ. ಆಗಲೂ ಓಡಿಸಿದರೆ ಬೇರಿಂಗುಗಳಿಗೆ ಎಣ್ಣೆ ತಲುಪದೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕೆಡಬಹುದು. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಉಷ್ಣತೆಯ ಮುಳ್ಳಿನ ಮೇಲೆ ವಿಶೇಷ ನಿಗಾ ಅಗತ್ಯ. ಅದು ಕೆಂಪು ಗೆರೆ ಮುಟ್ಟಿದ ಮೇಲೂ ಗಾಡಿ ಓಡಿದರೆ ಗ್ಯಾಸ್ಕೆಟ್ ಸುಡಬಹುದು, ಸಿಲಿಂಡರ್ ಹೆಡ್ ಬಾಗಬಹುದು. ಏರ್ ಬ್ರೇಕಿನ ಲಾರಿಯನ್ನು ಗಾಳಿಯ ಒತ್ತಡ ತುಂಬುವ ತನಕ ಕದಲಿಸಲೇಬಾರದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಲಾರಿಗಳಲ್ಲಿ ಡಿಇಎಫ್ ದ್ರವ ಬಳಸುವವುಗಳಿಗೆ ಆ ದ್ರವ ಮುಗಿದರೆ ಎಂಜಿನ್ನಿನ ಶಕ್ತಿ ತಾನಾಗಿ ಕುಗ್ಗುತ್ತದೆ.

ಕೀಲಿ ತಿರುಗಿಸಿದಾಗ ಆಯಿಲ್, ಬ್ಯಾಟರಿ ದೀಪಗಳು ಒಮ್ಮೆ ಹೊತ್ತಿ, ಎಂಜಿನ್ ಚಾಲೂ ಆದ ಬಳಿಕ ಆರಬೇಕು. ಹೊತ್ತದೇ ಇರುವ ದೀಪವು ಕ್ಷೇಮದ ಲಕ್ಷಣವಲ್ಲ. ಬಲ್ಬು ಸುಟ್ಟಿರಬಹುದು, ಇಲ್ಲವೆ ಕಾಟ ತಪ್ಪಲೆಂದು ಯಾರಾದರೂ ತಂತಿ ಬಿಡಿಸಿರಬಹುದು. ಅದನ್ನು ನಂಬುವುದೆಂದರೆ ಖರ್ಚು ಬರೆಯದ ಕೀರ್ದಿಯನ್ನು ನೋಡಿ ಲಾಭವಾಯಿತೆಂದು ಹಿಗ್ಗಿದಂತೆ.

ವಿಮೆ ಇದೆಯಲ್ಲ ಎಂಬ ಧೈರ್ಯವೂ ಇಲ್ಲಿ ನೆರವಿಗೆ ಬರುವುದಿಲ್ಲ. ಯಾಂತ್ರಿಕ ದೋಷ ಮತ್ತು ಸವಕಳಿಯ ನಷ್ಟವನ್ನು ಸಾಮಾನ್ಯ ಮೋಟಾರು ಪಾಲಿಸಿ ಭರಿಸದು. ಅಪಘಾತದ ನಂತರವೂ ದುರಸ್ತಿ ಮಾಡಿಸದೆ ಓಡಿಸಿದ್ದರಿಂದ ಹೆಚ್ಚಿದ ಹಾನಿ ಮಾಲೀಕನ ಹೊಣೆಯೆಂದು ಅದರ ಷರತ್ತೇ ಹೇಳುತ್ತದೆ. ಹತ್ತರೊಳಗಿನ ಸರಕು ವಾಹನಗಳಿಗೆ ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು ದುರಸ್ತಿ ವೆಚ್ಚವನ್ನು ಪ್ರತ್ಯೇಕವಾಗಿ ಕಳೆಯುವಂತೆಯೂ ಇಲ್ಲ. ಅಂದಮೇಲೆ ಕೆಟ್ಟ ಎಂಜಿನ್ನಿನ ಪೂರ್ಣ ಭಾರ ಮಾಲೀಕನ ಕಿಸೆಯ ಮೇಲೆಯೇ.

ಪ್ರತಿ ದೀಪಕ್ಕೂ ಗಾಡಿ ನಿಲ್ಲಿಸಿದರೆ ವ್ಯಾಪಾರ ನಡೆದೀತೆ ಎಂಬ ಆಕ್ಷೇಪ ಸಹಜವೇ. ಆದರೆ ತಕ್ಷಣ ನಿಲ್ಲಿಸೆನ್ನುವುದು ಕೆಂಪು ದೀಪ ಮಾತ್ರ. ಅಸಲು ತೊಡಕು ಬೇರೆಡೆ ಇದೆ. ದೀಪ ಹೊತ್ತುವುದು ಚಾಲಕನ ಎದುರಿಗೆ. ನಿರ್ಧಾರವಾಗುವುದು ಅಂಗಡಿಯ ಗಾದಿಯ ಮೇಲೆ ಕುಳಿತ ಮಾಲೀಕನ ಮೊಬೈಲಿನಲ್ಲಿ. "ಹೆಂಗಾರ ಮಾಡಿ ಮಾಲು ಮುಟ್ಟಿಸು" ಎಂಬ ಒಂದು ಮಾತಿಗೆ ಚಾಲಕ ಮುಂದೆ ಸಾಗುತ್ತಾನೆ. ಎಂಜಿನ್ ಕಚ್ಚಿಕೊಂಡ ಮೇಲೆ ಅದರ ವೆಚ್ಚವನ್ನು ಅವನ ಪಗಾರದಿಂದಲೇ ಮುರಿದುಕೊಳ್ಳಲು ಹೊರಡುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ಕೆಂಪು ದೀಪ ಕಂಡಾಗ ಯಾರನ್ನೂ ಕೇಳದೆ ಗಾಡಿ ನಿಲ್ಲಿಸುವ ಅಧಿಕಾರ ಚಾಲಕನಿಗಿರಬೇಕು; ಹಾಗೆ ನಿಲ್ಲಿಸಿದ್ದಕ್ಕೆ ಬೈಗುಳವಾಗಲಿ, ಪಗಾರ ಕಡಿತವಾಗಲಿ ಇರಬಾರದು. ಜೊತೆಗೆ ಪ್ರತಿದಿನ ಮುಂಜಾನೆ, ಎಂಜಿನ್ ತಣ್ಣಗಿರುವಾಗಲೇ ಆಯಿಲ್, ರೇಡಿಯೇಟರ್ ನೀರು, ಬ್ರೇಕ್ ಆಯಿಲ್, ಫ್ಯಾನ್ ಬೆಲ್ಟ್ ಮತ್ತು ಟೈರಿನ ಗಾಳಿ ನೋಡಿ, ಒಂದು ಪುಸ್ತಕದಲ್ಲಿ ಬರೆದಿಡುವ ರೂಢಿ ಬೆಳೆಯಲಿ. ಹತ್ತು ನಿಮಿಷದ ಈ ಕೆಲಸಕ್ಕೆ ಬಂಡವಾಳ ಬೇಕಿಲ್ಲ. ಪ್ರತಿ ಸಂಜೆ ಗಲ್ಲಾ ಎಣಿಸದೆ ಅಂಗಡಿಗೆ ಬೀಗ ಹಾಕದ ವರ್ತಕರು, ಲಕ್ಷಾಂತರ ರೂಪಾಯಿಯ ವಾಹನವನ್ನು ಮುಂಜಾನೆ ಒಮ್ಮೆ ನೋಡದೆ ರಸ್ತೆಗಿಳಿಸುವುದು ಸರಿಯಲ್ಲ.