ತಕ್ಕಡಿಗೆ ಮಗು ಬರುವ ಮೊದಲೇ

1933ರ ನಂತರ ಮೊದಲ ಬಾರಿಗೆ 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಚಿತ್ರದುರ್ಗ ಜಿಲ್ಲೆಯಲ್ಲಿ ಹಬ್ಬದ ವಾತಾವರಣವಿತ್ತು. ನೀರು ಬಂದರೆ ಅನ್ನ ಬರುತ್ತದೆಂಬುದು ಬಯಲುಸೀಮೆಯ ಸಹಜ ನಂಬಿಕೆ. ಅನ್ನ ಬಂದ ಮಾತ್ರಕ್ಕೆ ಮೈಯಲ್ಲಿ ತೂಕ ಬರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 32.9ರಷ್ಟು ಕಡಿಮೆ ತೂಕದವರು. ಇದೇ ಸಮೀಕ್ಷೆಯಲ್ಲಿ ಶೇ 17ರಷ್ಟು ಮಹಿಳೆಯರು ತೀರಾ ಕೃಶರು, ಶೇ 30ರಷ್ಟು ಮಂದಿ ಅತಿತೂಕದವರು. ನಗರದ ಮಧ್ಯಮ ವರ್ಗಕ್ಕೆ ಎರಡನೆಯ ಅಂಕಿಯ ಚಿಂತೆಯೇ ಹೆಚ್ಚು. ತೆಳ್ಳಗಿರುವುದೇ ಆರೋಗ್ಯವೆಂದು ನಾವು ನಂಬಿದ್ದೇವೆ. ಆದರೆ ಕೃಶ ತಾಯಿಗೆ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು. ಅಂಥ ಮಗು ಭೇದಿ, ನ್ಯುಮೋನಿಯಾಗಳಿಗೆ ಬೇಗ ಬಲಿಯಾಗುತ್ತದೆ. ಪ್ರತಿ ಕಾಯಿಲೆಯೂ ಇನ್ನಷ್ಟು ತೂಕ ಕಸಿಯುತ್ತದೆ. ಬೆಳೆದ ಮೇಲೂ ಅಪಾಯ ತಪ್ಪದು. ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಮನೆಯವರಿಗೆ ಪೌಷ್ಟಿಕ ಆಹಾರ ನೀಡಿದಾಗ ಆ ಮನೆಗಳಲ್ಲಿ ಹೊಸ ಪ್ರಕರಣಗಳು ಗಣನೀಯವಾಗಿ ತಗ್ಗಿದ್ದನ್ನು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಹೊಸದುರ್ಗ ಸಾವೆ, ನವಣೆ, ರಾಗಿಗಳ ನೆಲ. ಹೊಳಲ್ಕೆರೆಯಲ್ಲಿ ಕಣ್ಣಿಗೆ ಬೀಳುವುದು ಅಡಿಕೆ ತೋಟ. ಅಡಿಕೆ ಹಣ ತರುತ್ತದೆ, ತಟ್ಟೆಗೆ ಬೀಳುವುದಿಲ್ಲ. ತೋಟದ ಕೂಲಿಯವರ ಮನೆಗಂತೂ ಆ ಹಣವೂ ಹೆಚ್ಚು ತಲುಪದು. 2013ರ ಅನ್ನಭಾಗ್ಯ ಹಸಿವನ್ನು ಹಿಮ್ಮೆಟ್ಟಿಸಿದ್ದನ್ನು ಅಲ್ಲಗಳೆಯಲಾಗದು. ಆದರೆ ಅಕ್ಕಿ ಹೊಟ್ಟೆ ತುಂಬಿಸುತ್ತದೆಯೇ ಹೊರತು ಬೇಳೆ, ಸೊಪ್ಪು, ಹಾಲು, ಮೊಟ್ಟೆಗಳ ಕೆಲಸವನ್ನು ಮಾಡದು.

ಈ ಕೊರತೆ ತುಂಬಲೆಂದೇ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ರಾಜ್ಯದಾದ್ಯಂತ ಬಂತು: ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ. ಮನೆಗೆ ಕೊಟ್ಟರೆ ಎಲ್ಲರಿಗೂ ಹಂಚಿಹೋಗುತ್ತದೆ, ಆದ್ದರಿಂದ ತಾಯಿ ಅಲ್ಲಿಯೇ ಬಂದು ಉಣ್ಣಬೇಕೆಂಬುದು ಇದರ ಮೂಲ ಕಲ್ಪನೆ. ತರ್ಕ ಸರಿಯೇ. ಆದರೆ ಮಧ್ಯಾಹ್ನ ಹೊಲದಲ್ಲಿ ಕಳೆ ಕೀಳುವವಳು, ತುಂಬು ಗರ್ಭದಲ್ಲಿ ದೂರದ ತಾಂಡಾದಿಂದ ನಡೆಯಲಾಗದವಳು ಅಲ್ಲಿಗೆ ಬರುವುದೆಂತು? ಗೊಲ್ಲರಹಟ್ಟಿಗಳ ಸಂಗತಿ ಇನ್ನೂ ಕಠಿಣ. ಸೂತಕದ ಹೆಸರಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯಾಚೆ ಇರಿಸುವ ಪದ್ಧತಿ ಈ ಜಿಲ್ಲೆಯಲ್ಲಿ ಪೂರ್ತಿ ಅಳಿದಿಲ್ಲ. 2020ರಲ್ಲಿ ಜಾರಿಗೆ ಬಂದ ಮೌಢ್ಯ ಪ್ರತಿಬಂಧಕ ಕಾಯ್ದೆ ಇಂಥ ಬಹಿಷ್ಕಾರವನ್ನು ಅಪರಾಧವೆನ್ನುತ್ತದೆ. ಕಾಯ್ದೆ ಗುಡಿಸಲಿಗೆ ಊಟ ಒಯ್ಯದು. ಹಾಲುಣಿಸುವ ತಾಯಿಗೆ ಹೆಚ್ಚು ಆಹಾರ ಬೇಕಾದ ದಿನಗಳೇ ಅವಳು ಅಂಗನವಾಡಿಯಿಂದ ದೂರ ಉಳಿಯುವ ದಿನಗಳೂ ಆಗಿವೆ.

ಅಂಗನವಾಡಿಗೆ ಬರಲಾಗದ ತಾಯಂದಿರ ಪಟ್ಟಿಯನ್ನು ಹಟ್ಟಿವಾರು, ತಾಂಡಾವಾರು ಸಿದ್ಧಪಡಿಸಿ, ಹೆರಿಗೆಯ ಮುಂಚಿನ ಮತ್ತು ನಂತರದ ಕೆಲವು ವಾರಗಳ ಮಟ್ಟಿಗಾದರೂ ಊಟವನ್ನು ಅವರಿದ್ದಲ್ಲಿಗೆ ಕಳಿಸಬೇಕು. ಅದನ್ನು ಒಯ್ಯುವವರಿಗೆ ಪ್ರತ್ಯೇಕ ಭತ್ಯೆ ಕೊಡಬೇಕು. ಈಗಾಗಲೇ ಹತ್ತಾರು ದಾಖಲೆ ತುಂಬುವ ಕಾರ್ಯಕರ್ತೆಯ ತಲೆಗೇ ಇದನ್ನೂ ಕಟ್ಟುವುದು ನ್ಯಾಯವಲ್ಲ. ಗಣಿಗಾರಿಕೆಯ ಈ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದೆ, ಆರೋಗ್ಯ ಮತ್ತು ಮಹಿಳೆಯರು–ಮಕ್ಕಳ ಕಲ್ಯಾಣ ಅದರ ಆದ್ಯತೆಯ ವಲಯಗಳಲ್ಲಿವೆ. ವೆಚ್ಚದ ಮಾತು ಅಲ್ಲಿಂದ ಶುರುವಾಗಲಿ.